ಬೀದಿಗೊಂದೇ ಉಳಿದ ಬೀಗ

ಊರಿನ ಅರ್ಧ ಜನರ ಮನೆ ಬಾಗಿಲು ತೆಗೆದುಕೊಟ್ಟಿದ್ದ ಮನುಷ್ಯನಿಗೆ ಆ ಬೆಳಿಗ್ಗೆ ತನ್ನದೇ ಅಂಗಡಿಯ ಕೀಲಿಕೈ ಸಿಗಲಿಲ್ಲ. ಅಂಗಿಯ ಜೇಬು ತಡಕಿದ, ಪ್ಯಾಂಟಿನ ಜೇಬು ತಿರುವಿ ಹಾಕಿದ, ದಿಂಬಿನ ಕೆಳಗೆ ನೋಡಿದ, ಕೊನೆಗೆ ಬೇರೆ ದಾರಿ ಕಾಣದೆ ಹೆಂಡತಿಯ ಮುಖ ನೋಡಿದ.

“ನನ್ ಮುಖ ಯಾಕ್ ನೋಡ್ತೀರಿ? ನಾನೇನ್ ನುಂಗ್ಬಿಟ್ಟಿದೀನಾ?” ಎಂದಳು ಆಕೆ. “ನಿನ್ನೆ ಓಡಿ ಬಂದಾಗ ನಿಮ್ ಕಾಲಲ್ಲಿ ಚಪ್ಪಲೀನೇ ಇರ್ಲಿಲ್ಲ. ಜೇಬಲ್ಲಿ ಕೀ ಇರುತ್ತಾ?”

ಮಾತು ನಿಜವೇ. ಬೀಗ ಮಾರಿ, ಬೀಗ ರಿಪೇರಿ ಮಾಡಿ, ಕೀ ಕಳೆದುಕೊಂಡವರ ಬಾಗಿಲನ್ನು ತಂತಿ ಹಾಕಿ ತೆಗೆದುಕೊಟ್ಟು ಬದುಕುತ್ತಿದ್ದ ಈತನನ್ನು ಎಲ್ಲರೂ ಬೀಗದಯ್ಯ ಅಂತಲೇ ಕರೆಯುತ್ತಿದ್ದರು. ಹಿಂದಿನ ದಿನ, ಬಸ್ ದರ ಏರಿಸಿದ್ದರ ವಿರುದ್ಧ ಹೊರಟ ಮೆರವಣಿಗೆ ಪೇಟೆ ಬೀದಿಗೆ ಬಂದಾಗ ಅವನೂ ಅಂಗಡಿ ಮುಂದೆ ನಿಂತು ಚಪ್ಪಾಳೆ ತಟ್ಟಿದ್ದ. ಅವನೊಬ್ಬನೇ ಏನಲ್ಲ. ಜವಳಿ ಅಂಗಡಿಯ ಯಜಮಾನರು ಬ್ಯಾನರಿಗೆ ಅಂತ ಬಟ್ಟೆ ಕೊಟ್ಟಿದ್ದರು. ಚಪ್ಪಲಿ ಅಂಗಡಿಯವನು ಸ್ಟೂಲಿನ ಮೇಲೆ ಹತ್ತಿ ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಆಮೇಲೆ ಎಲ್ಲಿಂದಲೋ ಒಂದು ಕಲ್ಲು ಬಂತು. ಒಂದು ಗಾಜು ಒಡೆಯಿತು. ಅಷ್ಟೇ ನೋಡಿ, ಒಂದು ಕ್ಷಣದ ಹಿಂದೆ ನ್ಯಾಯ ಕೇಳುತ್ತಿದ್ದ ಬೀದಿ ಮರುಕ್ಷಣ ಟಿವಿ ಹೊತ್ತುಕೊಂಡು ಓಡುತ್ತಿತ್ತು. ಬೀಗದಯ್ಯ ಶಟರ್ ಎಳೆದು, ಬೀಗ ಒತ್ತಿ, ನೂಕುನುಗ್ಗಲಿನಲ್ಲಿ ಬಿದ್ದು ಎದ್ದು ಮನೆ ಸೇರಿದ್ದ. ಕೀ ಎಲ್ಲಿ ಬಿತ್ತೋ, ಯಾರ ಕಾಲಡಿ ಹೋಯಿತೋ.

ಅಂಗಡಿಯ ಗತಿ ಏನಾಗಿದೆಯೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡೇ ಅವನು ಬೀದಿಗೆ ಬಂದ. ಬಂದವನು ಮೂಲೆಯಲ್ಲೇ ನಿಂತುಬಿಟ್ಟ. ಅಬ್ಬಬ್ಬಾ! ಶಟರುಗಳು ಹಪ್ಪಳ ಮುರಿದ ಹಾಗೆ ಮುರಿದು ಬಿದ್ದಿದ್ದವು. ಬಟ್ಟೆ ತೊಡಿಸಿ ನಿಲ್ಲಿಸುವ ಬೊಂಬೆಗಳು ಮೈಮೇಲೆ ಒಂದು ನೂಲೂ ಇಲ್ಲದೆ ರಸ್ತೆಯಲ್ಲಿ ಮಲಗಿದ್ದವು. ಎಲ್ಲೆಲ್ಲೂ ಗಾಜಿನ ಚೂರು, ಖಾಲಿ ರಟ್ಟಿನ ಪೆಟ್ಟಿಗೆ, ಸುಟ್ಟ ಟಯರಿನ ವಾಸನೆ. ಇಷ್ಟೆಲ್ಲ ಆಗಿದ್ದರೂ ಅಂಗಡಿಯವರು ಅಳುತ್ತಿರಲಿಲ್ಲ. ಕಣ್ಣರಳಿಸಿಕೊಂಡು ಒಬ್ಬರಿಗೊಬ್ಬರು ವರ್ಣಿಸುತ್ತಿದ್ದರು.

“ಒಬ್ನೇ ಕಣಯ್ಯ, ಒಬ್ನೇ!” ಚಪ್ಪಲಿ ಅಂಗಡಿಯವನ ಕಟ್ಟಿದ ಗಂಟಲಿನಿಂದ ಮಾತು ಗಾಳಿಯಂತೆ ಬರುತ್ತಿತ್ತು. “ಫ್ರಿಜ್ಜನ್ನ ಬೆನ್ನಿಗೆ ಹಾಕ್ಕೊಂಡು ಹೀಗೆ ಓಡಿದ! ನಾನು ಮಹಡಿ ಮೇಲಿಂದ ಬಯ್ಯೋಣ ಅಂತ ಬಾಯಿ ತೆಗೆದೆ. ತೆಗೆದ ಬಾಯಿ ಹಾಗೇ ಉಳೀತು. ಏನು ಶಕ್ತಿ ಅಂತೀಯಾ!”

“ನಾನು ಕೊಟ್ಟ ಬ್ಯಾನರ್ ಬಟ್ಟೇಲೇ ನನ್ನ ಅಂಗಡಿ ಮಾಲನ್ನ ಗಂಟು ಕಟ್ಟಿದ್ರು,” ಎಂದರು ಜವಳಿ ಯಜಮಾನರು. ವರ್ತಕರ ಸಂಘದ ಅಧ್ಯಕ್ಷರು ಅವರು. ಬೀಗದಯ್ಯನ ಅಂಗಡಿ ಕಟ್ಟಡವೂ ಅವರದ್ದೇ. “ಆದ್ರೂ ಒಂದ್ ಮಾತು ಹೇಳ್ಬೇಕು. ಗಂಟು ಎಷ್ಟು ಅಚ್ಚುಕಟ್ಟಾಗಿತ್ತು ಅಂದ್ರೆ, ನಮ್ ಅಂಗಡಿ ಕೆಲಸದವರಿಗೆ ಇಷ್ಟು ವರ್ಷ ಹೇಳಿಕೊಟ್ರೂ ಹಾಗೆ ಕಟ್ಟೋಕೆ ಬರ್ಲಿಲ್ಲ.”

ಬೀಗದಯ್ಯ ತನ್ನ ಅಂಗಡಿಯ ಕಡೆ ತಿರುಗಿದ. ಅಲ್ಲಿ ಜಾತ್ರೆಯಷ್ಟು ಜನ. ಅಯ್ಯೋ, ಮುಗೀತು ಅಂದುಕೊಂಡು ಜನರನ್ನು ಸರಿಸಿ ಮುಂದೆ ತೂರಿದ. ಶಟರ್ ನೆಟ್ಟಗೆ ನಿಂತಿತ್ತು. ಅದರ ಬುಡದಲ್ಲಿ, ನೆಲದ ಕೊಂಡಿಗೆ ಹಾಕಿದ್ದ ಬೀಗ ಹಾಕಿದಂತೆಯೇ ಇತ್ತು. ಅದರ ಮೈತುಂಬ ಕಲ್ಲಿನ ಗೀರು, ಸುತ್ತಿಗೆಯ ಏಟು. ಪಕ್ಕದಲ್ಲಿ ಒಂದು ಹಾರೆ ಬಿದ್ದಿತ್ತು. ಹಾರೆ ಬಾಗಿತ್ತು, ಬೀಗ ಬಾಗಿರಲಿಲ್ಲ.

ಅವನ ಕಣ್ಣಲ್ಲಿ ನೀರು ಬಂತು. ಆ ಅಂಗಡಿ ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ.

“ಬಂದ್ಯಾ?” ಎಂದರು ಯಜಮಾನರು. ದನಿಯಲ್ಲಿ ಸಿಹಿ ಇರಲಿಲ್ಲ. “ಬೀದೀಲಿ ಇದ್ದ ಬೀಗ ಎಲ್ಲಾ ನೀನೇ ಮಾರಿದ್ದು. ನಮ್ಮೆಲ್ಲರದ್ದೂ ಕಡಲೆಕಾಯಿ ಸಿಪ್ಪೆ ಥರ ಒಡೆದುಹೋಯ್ತು. ನಿಂದು ಮಾತ್ರ ನೆಟ್ಟಗಿದೆ. ಇದೇನ್ ಕತೆ?”

“ನಮಗೆ ಡಬ್ಬಾ ಬೀಗ, ತನಗೆ ಗಟ್ಟಿ ಬೀಗ!” ಎಂದ ಚಪ್ಪಲಿ ಅಂಗಡಿಯವನು. ಜನ ಹೌದೌದು ಎಂದರು. ಹೌದೌದು ಎನ್ನುತ್ತಾ ಒಂದು ಹೆಜ್ಜೆ ಹತ್ತಿರ ಬಂದರು.

ಬೀಗದಯ್ಯನಿಗೆ ನಿಜ ಹೇಳುವಂತಿರಲಿಲ್ಲ. ನಿಜ ಏನೆಂದರೆ, ಅದೂ ಅವೇ ಬೀಗಗಳ ಜೊತೆ ಬಂದ ಬೀಗ. ಒಳಗೇನೋ ಕಚ್ಚಿಕೊಂಡು ಕೀ ಹಾಕಿದರೂ ತೆರೆಯುವುದಿಲ್ಲ ಎಂದು ಗಿರಾಕಿಯೊಬ್ಬ ಅವನ ಮುಖದ ಮೇಲೆ ಎಸೆದು ಹೋಗಿದ್ದ. ಯಾರಿಗೂ ಬೇಡದ್ದು ಅಂತ ತನ್ನ ಅಂಗಡಿಗೆ ಹಾಕಿಕೊಂಡಿದ್ದ. ಅದನ್ನು ತೆಗೆಯುವುದು ಅವನಿಗೂ ದಿನದಿನದ ಹೋರಾಟವೇ ಆಗಿತ್ತು. ಆದರೆ ಗುಂಪು ಮೈಮೇಲೆ ಬರುತ್ತಿದೆ, ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

“ಇದು... ಇದು ಹೊಸ ಮಾದರಿ ಯಜಮಾನ್ರೇ. ಗಟ್ಟಿ ಇದೆಯಾ ಅಂತ ಮೊದ್ಲು ನನ್ನ ಅಂಗಡೀಲೇ ಹಾಕಿ ನೋಡ್ತಾ ಇದ್ದೆ. ಆಮೇಲೆ ನಿಮಗೆಲ್ಲ ಕೊಡೋಣ ಅಂತ.”

ಗುಂಪು ತಣ್ಣಗಾಯಿತು. ತಣ್ಣಗಾಗಿದ್ದಷ್ಟೇ ಅಲ್ಲ, ಬಗ್ಗಿ ಬೀಗವನ್ನು ನೋಡತೊಡಗಿತು. ಯಾರೋ ಫೋಟೋ ತೆಗೆದರು. ಇನ್ಯಾರೋ ಮಗುವನ್ನು ಎತ್ತಿ ತೋರಿಸಿದರು. ಒಬ್ಬ ಅಜ್ಜಿ ಬೆರಳಿನಿಂದ ಮುಟ್ಟಿ, “ಎಷ್ಟು ತಣ್ಣಗಿದೆ ನೋಡು, ಏನೂ ಆಗೇ ಇಲ್ವೇನೋ ಅನ್ನೋ ಹಾಗೆ,” ಎಂದಳು. ಊರಿಗೆ ಊರೇ ಹುಚ್ಚೆದ್ದು ಕುಣಿದಾಗ ಸುಮ್ಮನೆ ಹಲ್ಲು ಕಚ್ಚಿಕೊಂಡು ಕೂತಿತ್ತಲ್ಲ ಆ ತುಂಡು ಕಬ್ಬಿಣ! ನನ್ನ ಕೇಳಿದರೆ ಜನ ಬೆರಗಾದದ್ದರಲ್ಲಿ ತಪ್ಪೇನೂ ಇಲ್ಲ. ಹಿಂದಿನ ದಿನ ಆ ಬೀದಿಯಲ್ಲಿ ತನ್ನ ಜಾಗ ಬಿಟ್ಟು ಕದಲದೆ ಇದ್ದದ್ದು ಅದೊಂದೇ.

ಸಂಘದವರು ಪಕ್ಕಕ್ಕೆ ಹೋಗಿ ಗುಸುಗುಸು ಮಾತಾಡಿಕೊಂಡು ಬಂದರು. “ನೋಡಯ್ಯ,” ಎಂದರು ಯಜಮಾನರು, “ಬೀದಿಯ ಎಲ್ಲಾ ಅಂಗಡಿಗೂ ಇದೇ ಬೀಗ. ಆರ್ಡರ್ ನಿಂದೇ. ಈಗ್ಲೇ ಅಂಗಡಿ ತೆಗಿ, ಇರೋದನ್ನ ಕೊಡು. ಇನ್ನೊಂದು ಗುಂಪು ಬರುತ್ತೆ ಅಂತ ಸುದ್ದಿ ಇದೆ. ಸಂಜೆಯೊಳಗೆ ತೆಗೀಲಿಲ್ವೋ, ನಮಗೆ ಮೋಸ ಮಾಡಿದೀಯ ಅಂತ ಲೆಕ್ಕ. ಅಂಗಡಿ ಖಾಲಿ ಮಾಡಿ ಹೊರಡು.”

ಬೀಗದಯ್ಯನ ಎದೆ ಒಮ್ಮೆ ಹಿಗ್ಗಿ ಮರುಕ್ಷಣವೇ ಕುಗ್ಗಿತು. ಬೀಗ ಮಾರುವವನು ಕೀ ಕಳೆದುಕೊಂಡಿದ್ದಾನೆ ಅಂತ ತಿಳಿದರೆ ಆರ್ಡರ್ ಹಾಗಿರಲಿ, ಮಾನವೇ ಉಳಿಯುವುದಿಲ್ಲ.

“ಸ್ವಲ್ಪ ತಡೀರಿ, ಬೀಗ ಬಿಸಿಲಿಗೆ ಕಾದಿದೆ,” ಎಂದ. ಬಿಸಿಲು ಇಳಿಯಿತು. “ಈಗ ತೆಗೆದ್ರೆ ಸ್ಪ್ರಿಂಗಿಗೆ ಪೆಟ್ಟು, ಏಟು ತಿಂದ ಬೀಗಕ್ಕೆ ಸುಧಾರಿಸ್ಕೊಳ್ಳೋಕೆ ಬಿಡ್ಬೇಕು,” ಎಂದ. ಜನ ಅದಕ್ಕೂ ತಲೆಯಾಡಿಸಿದರು. ವಿಚಿತ್ರವೆಂದರೆ ಒಬ್ಬರಾದರೂ ಅಲ್ಲಿಂದ ಕದಲಲಿಲ್ಲ. ಅಂಗಡಿಗಳು ಗುಡಿಸದೆ ಬಿದ್ದಿದ್ದವು. ಲೂಟಿಯಲ್ಲಿ ಉಳಿದಿದ್ದ ಚೂರುಪಾರು ಮಾಲನ್ನು ಆಗಲೇ ಹಿಂದಿನ ಗೋಡೌನುಗಳಿಗೆ ಸೇರಿಸಿದ್ದರು. ಎಲ್ಲರದ್ದೂ ಒಂದೇ ರಾಗ, “ತೆಗಿಯಯ್ಯಾ, ಬೇಗ ತೆಗಿ.”

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಹೆಂಡತಿ ಬಂದಳು. ಗುಂಪನ್ನು ನೋಡಿ ಗಾಬರಿಯಾಗಿ ದೂರದಿಂದಲೇ ಕೂಗಿದಳು, “ಏನ್ರೀ, ಕೀ ಸಿಕ್ತಾ?”

ಬೀಗದಯ್ಯ ಕಣ್ಣು ಮುಚ್ಚಿಕೊಂಡ.

“ಕೀ ಇಲ್ವಾ!” ಗುಂಪಿಗೆ ಗುಂಪೇ ಬಾಯಿ ಬಿಟ್ಟಿತು. ಅಲ್ಲೊಂದು ದುಃಖದ ಎಳೆಯೂ ಇದ್ದ ಹಾಗಿತ್ತು. ಮೊದಲು ಚೇತರಿಸಿಕೊಂಡವನು ಚಪ್ಪಲಿ ಅಂಗಡಿಯವನೇ. “ಅದಕ್ಕೇನೀಗ? ತಂತಿ ಹಾಕಿ ತೆಗಿ. ನಮ್ ಮನೇದು ಕೆಮ್ಮೋದ್ರೊಳಗೆ ತೆಗೆದಿದ್ಯಲ್ಲ!”

ತಂತಿ ಬಂತು. ಬೀಗದಯ್ಯ ನೆಲಕ್ಕೆ ಕೂತ, ಮಲಗಿದ, ಕಿವಿ ಹಚ್ಚಿ ಕೇಳಿದ, ಎಣ್ಣೆ ಬಿಟ್ಟ, ಊದಿದ, ಗುಟ್ಟಾಗಿ ಬೇಡಿಕೊಂಡ. ಅಂಗಿ ಬೆವರಿನಲ್ಲಿ ನೆನೆದು ತೊಪ್ಪೆಯಾಯಿತು. ಬೀಗ ಜಪ್ಪಯ್ಯ ಅನ್ನಲಿಲ್ಲ. ತಂತಿ ಒಳಗೇ ಮುರಿಯಿತು.

ಅವಮಾನದಿಂದ ತಲೆ ಎತ್ತಿ ನೋಡಿದರೆ, ಜನರ ಮುಖದಲ್ಲಿ ಇನ್ನಷ್ಟು ಬೆರಗು.

“ಅವನ ಕೈಲೇ ಆಗ್ಲಿಲ್ಲ!” ಎಂದು ಒಬ್ಬ ಪಿಸುಗುಟ್ಟಿದ.

“ಮಾಡಿದೋನಿಗೇ ಬಗ್ಗದ ಬೀಗ!” ಎಂದ ಇನ್ನೊಬ್ಬ. ಬೀಗದಯ್ಯ ಬೀಗ ಮಾರುವವನೇ ಹೊರತು ಮಾಡುವವನಲ್ಲ. ಆದರೆ ತಿದ್ದಲು ಅವನಲ್ಲಿ ಉಸಿರಿರಲಿಲ್ಲ.

ವೆಲ್ಡರ್ ಮುಂದೆ ಬಂದ. ಅವನ ಗ್ಯಾಸ್ ಕಟರ್ ಲೂಟಿಯಾಗಿತ್ತು, ಕೈಯಲ್ಲಿ ಒಂದು ಸುತ್ತಿಗೆ, ಒಂದು ಗರಗಸ ಉಳಿದಿದ್ದವು. ಅಂಗೈಗೆ ಉಗುಳಿಕೊಂಡು ಸುತ್ತಿಗೆ ಬೀಸಿದ. ಸುತ್ತಿಗೆಯ ತಲೆ ಕಿತ್ತು ಹಾರಿ ಜವಳಿ ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದು ಗಾಜನ್ನು ಮುಗಿಸಿತು. ಯಜಮಾನರು ಅದನ್ನು ತಿರುಗಿಯೂ ನೋಡಲಿಲ್ಲ. “ಎಂಥಾ ಬೀಗ!” ಎಂದರು. ವೆಲ್ಡರ್ ಗರಗಸವನ್ನು ಬೀಗದ ಮೇಲಿಟ್ಟಾಗ ಇಡೀ ಬೀದಿ, “ಬೀಗಕ್ಕೆ ಕೈ ಹಚ್ಬೇಡ!” ಎಂದು ಕಿರುಚಿತು. ಕೊನೆಗೆ ಬೀಗವನ್ನು ಬಿಟ್ಟು ನೆಲದ ಕೊಂಡಿಯನ್ನೇ ಕೊಯ್ಯುವುದೆಂದು ತೀರ್ಮಾನವಾಯಿತು.

ಕರಕರ ಎಂದು ಕೊಂಡಿ ತುಂಡಾಯಿತು. ನಾಲ್ಕು ಜನ ಸೇರಿ ಶಟರ್ ಎತ್ತಿದರು. ಬೀಗದಯ್ಯ ಹೆಂಡತಿಯ ಕೈ ಹಿಡಿದುಕೊಂಡಿದ್ದ. “ಇನ್ಮೇಲೆ ನಮ್ ಕಷ್ಟ ಕಳೀತು ಕಣೇ,” ಎಂದ.

ಶಟರ್ ಮೇಲೇರಿದಂತೆ ಒಳಗಿನಿಂದ ಸಂಜೆಯ ಬಿಸಿಲು ಹೊರಗೆ ಬಂತು.

ಅಂಗಡಿಯ ಒಳಗಿನಿಂದ ಬಿಸಿಲು ಬರಬಾರದು. ಹಿಂದಿನ ತಗಡಿನ ಗೋಡೆ ಒಂದು ಮೂಲೆಯಿಂದ ಸುರುಳಿ ಸುತ್ತಿಕೊಂಡು ಎದ್ದಿತ್ತು. ಅದರಾಚೆ ಎಲ್ಲಾ ಅಂಗಡಿಗಳ ಬೆನ್ನಿಗಿರುವ ಮೋರಿಯ ಓಣಿ ಕಾಣುತ್ತಿತ್ತು. ಗೋಡೆಯ ಮೊಳೆಗಳಲ್ಲಿ ಒಂದೇ ಒಂದು ಬೀಗ ಇರಲಿಲ್ಲ. ದೊಡ್ಡದಿಲ್ಲ, ಚಿಕ್ಕದಿಲ್ಲ, ಸೂಟ್‌ಕೇಸಿಗೆ ಹಾಕುವ ಬೆರಳುಗಾತ್ರದ್ದೂ ಇಲ್ಲ.

ಬೀಗದಯ್ಯ ಖಾಲಿ ಮೊಳೆಗಳ ಕೆಳಗೆ ಕುಸಿದು ಕೂತ. “ಎಲ್ಲಾ ಹೋಯ್ತಲ್ಲೇ,” ಎಂದ, ಮಗುವಿನ ಹಾಗೆ. ಹೆಂಡತಿ ಅವನ ಬೆನ್ನು ಸವರುತ್ತ ಸುತ್ತ ನೋಡಿದಳು. ಗಲ್ಲಾಪೆಟ್ಟಿಗೆಯ ಕೆಳಗೆ ಕೀಲಿಕೈಗಳ ದೊಡ್ಡ ಡಬ್ಬ ಮಾತ್ರ ಇತ್ತು. ಬೀಗವನ್ನು ಗೋಡೆಗೆ ನೇತುಹಾಕಿ, ಅದರ ನಂಬರ್ ಕೊರೆದ ಕೀಯನ್ನು ಬೇರೆ ಇಡುವುದು ಅವನ ಪದ್ಧತಿ. ನೋಡಲು ಬಂದ ಗಿರಾಕಿ ಜೇಬಿಗೆ ಇಳಿಸಿಕೊಂಡು ಹೋದರೂ ಉಪಯೋಗವಾಗಬಾರದು ಅಂತ.

“ಕೀ ಇದೆ ನೋಡಿ,” ಎಂದಳು ಆಕೆ, ಸಮಾಧಾನಕ್ಕೆ.

ಹಾಗೆನ್ನುತ್ತಲೇ ಯಜಮಾನರ ಮುಖ ಅರಳಿತು. ಅವರು ಸುತ್ತ ನೋಡಿ, ಬಗ್ಗಿ, ಬೀಗದಯ್ಯನ ಕಿವಿಯ ಹತ್ತಿರ ಬಾಯಿ ತಂದರು. “ಅಳ್ಬೇಡ ಕಣಯ್ಯ. ಹಾಗೇ ಆ ಡಬ್ಬದಲ್ಲಿ... ನಂದೊಂದು ಕೀ ನೋಡು.” ಅಂಗೈ ಬಿಡಿಸಿ ತೋರಿಸಿದರು. ಪೆನ್ನಿನಲ್ಲಿ ನಂಬರ್ ಬರೆದಿತ್ತು.

“ಯಾವುದರದ್ದು ಯಜಮಾನ್ರೇ?”

“ಗೋಡೌನಿಂದು.”

“ನಿಮ್ ಗೋಡೌನ್ ಬೀಗ ಒಡೆದು ಹೋಯ್ತಲ್ಲ?”

“ಹೊಸದು. ನಿನ್ನೆ ಸಂಜೆ ಹಾಕಿದ್ದು.”

“ನಿನ್ನೆ ಸಂಜೆ ನಿಮಗೆ ಬೀಗ ಕೊಟ್ಟೋರ್ಯಾರು?”

ಯಜಮಾನರು ಚಾವಣಿ ನೋಡಿದರು. “ಒಂದೇ ಒಂದು ಕಣಯ್ಯ. ತಗಡು ಮೊದ್ಲೇ ಎದ್ದಿತ್ತು. ಸುತ್ತ ಲೂಟಿ ನಡೀತಾ ಇರೋವಾಗ ಗೋಡೌನ್ ತೆಗೆದಿಟ್ಟು ಮನೆಗೆ ಹೋಗೋಕಾಗುತ್ತಾ? ಬೆಳಿಗ್ಗೆ ಹೇಳಿದ್ರಾಯ್ತು ಅಂತ ಒತ್ತಿದೆ. ಟಕ್ ಅಂತು. ಆಮೇಲೆ ಕೀ ನೆನಪಾಯ್ತು. ಮತ್ತೆ ಹಿಂದಿನಿಂದ ಬರೋಣ ಅಂದ್ರೆ ಓಣೀಲಿ ಜನ.”

“ನಂದೂ ಒಂದೇ,” ಎಂದ ಹಿಂದಿನಿಂದ ಗಾಳಿದನಿಯ ಚಪ್ಪಲಿ ಅಂಗಡಿಯವನು, ಅಂಗೈ ಮುಂದೆ ಚಾಚಿ. “ಗೋಡೌನಿಗೊಂದು. ಮನೆಗೊಂದು. ಅಷ್ಟೇ.”

ಬೀಗದಯ್ಯ ತಲೆ ಎತ್ತಿದ. ಅಂಗಡಿಯ ಮುಂದೆ ಸಾಲು ಬೆಳೆಯುತ್ತಿತ್ತು. ಔಷಧಿ ಅಂಗಡಿಯವರು, ಪಾತ್ರೆ ಅಂಗಡಿಯವರು, ಫೋಟೋ ತೆಗೆದವರು, ಆ ಅಜ್ಜಿ ಸಹ. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಎಲ್ಲರ ಅಂಗೈ ಮೇಲೂ ನಂಬರ್. ಒಬ್ಬೊಬ್ಬರೂ ತಾವೊಬ್ಬರೇ ಅಂದುಕೊಂಡು ಒಂದೊಂದೇ ತೆಗೆದುಕೊಂಡು ಹೋಗಿದ್ದರು. ಎಷ್ಟು ಶಿಸ್ತಿನ ಸಾಲು! ನೂಕಾಟವಿಲ್ಲ, ಕೂಗಾಟವಿಲ್ಲ. ಬೀಗದಯ್ಯನಿಗೆ ಸಿಟ್ಟು ಬರಬೇಕಿತ್ತು. ಆದರೆ ಆ ಸಾಲನ್ನು ನೋಡಿ ಅವನೇ ಬೆರಗಾಗಿ ಕೂತುಬಿಟ್ಟ.

“ಹಾಗಾದ್ರೆ ಆ ಆರ್ಡರ್?” ಎಂದ ಕೊನೆಗೆ.

“ಇನ್ನೇನ್ ಆರ್ಡರಯ್ಯಾ?” ಎಂದರು ಯಜಮಾನರು, ಮೃದುವಾಗಿ. “ಈಗ ಎಲ್ರ ಹತ್ರಾನೂ ಹೊಸಾ ಬೀಗ ಇದೆಯಲ್ಲ.”

ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳು. “ಅಲ್ರೀ, ಎಲ್ಲಾನೂ ನೀವೇ ತಗೊಂಡಿದ್ರೆ, ನಿನ್ನೆ ಲೂಟಿ ಮಾಡೋಕೆ ಬಂದಿದ್ರಲ್ಲ, ಅವ್ರು ನಮ್ ಅಂಗಡಿಯಿಂದ ತಗೊಂಡ್ ಹೋಗಿದ್ದೇನು?”

ಯಜಮಾನರು ತುಂಡು ಕೊಂಡಿಗೆ ಇನ್ನೂ ಜೋತುಬಿದ್ದಿದ್ದ ಬೀಗದ ಕಡೆ ಕೈ ತೋರಿಸಿದರು. ಅವರ ದನಿ ಭಕ್ತಿಯಿಂದ ತಗ್ಗಿತು.

“ಏನೂ ಇಲ್ಲ ತಾಯಿ. ಅಂಥಾ ಬೀಗ ಇರೋವಾಗ ಕಳ್ಳರು ಒಳಗೆ ಬರೋಕಾಗುತ್ತಾ?”