ಮೀನು ತಿಂದು ಬೈಗುಳ ಬಿಟ್ಟದ್ದು

ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎನ್ನುತ್ತಾರೆ. ಹೊಗಳುವವರು ಬೇರೆ ಯಾರೂ ಸಿಗದಿದ್ದಾಗ ಏನು ಮಾಡುವುದು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಈ ವರ್ಷದ ತಪಸ್ಸು ಕಾಲದಲ್ಲಿ ನನ್ನ ಬಾಯಿಂದ ಒಂದೇ ಒಂದು ಬೈಗುಳ ಬರಲಿಲ್ಲ. ಈಸ್ಟರ್ ಹಬ್ಬಕ್ಕೆ ಮೊದಲಿನ ಆ ವಾರಗಳಲ್ಲಿ ಇಷ್ಟವಾದದ್ದೇನನ್ನಾದರೂ ಬಿಡುವುದು ನಮ್ಮ ಕ್ರೈಸ್ತರಲ್ಲಿ ರೂಢಿ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಚಹಾ. ಬೀಡಿ ಬಿಟ್ಟವರು ಬಿಡದವರ ಪಕ್ಕದಲ್ಲಿ ಹೋಗಿ ನಿಲ್ಲುತ್ತಾರೆ. ನಾನು ಪ್ರತಿ ವರ್ಷ ಮೀನು ಬಿಡುತ್ತಿದ್ದೆ. ಈ ಸಲ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದಂದು ನಮ್ಮ ಫಾದರ್, "ಹೊಟ್ಟೆಗೆ ಹೋಗುವ ಮೀನನ್ನು ತಡೆದು, ನಾಲಿಗೆಯನ್ನು ಹರಿಯಬಿಟ್ಟರೆ ಏನು ಬಂತು?" ಎಂದರು. ಹಾಗೆನ್ನುವಾಗ ನನ್ನನ್ನೇ ನೋಡಿದರು ಎಂದು ನನ್ನ ಹೆಂಡತಿ ಲಿಲ್ಲಿ ಸಾಧಿಸುತ್ತಾಳೆ. ಅವರು ಕನ್ನಡಕ ಒರೆಸುತ್ತಿದ್ದರು, ನೋಡಿರಲಿಕ್ಕಿಲ್ಲ. ಆದರೂ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಈ ಸಲ ಮೀನು ತಿನ್ನುತ್ತೇನೆ, ಬೈಗುಳ ಬಿಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಸಾರಿದೆ.

ಬಾಳಗಡಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನಿಗೆ ಇದು ಸಣ್ಣ ತ್ಯಾಗವಲ್ಲ. ತುಕ್ಕು ಹಿಡಿದ ನಟ್ಟು ಅರ್ಧ ಎಣ್ಣೆಗೆ ಬಗ್ಗಿದರೆ ಉಳಿದರ್ಧ ಬೈಗುಳಕ್ಕೇ ಬಗ್ಗಬೇಕು. ಗಿರಾಕಿಗಳಿಗೂ ನನ್ನ ಬಾಯಿ ಅಭ್ಯಾಸವಾಗಿತ್ತು. "ಡೆನ್ನಿಸಣ್ಣ ಬೈದ್ರೆ ಮಿಷನ್ ಹುಷಾರಾತು ಅಂತ ಲೆಕ್ಕ ಮಾರಾಯ" ಎಂದು ಅವರವರಲ್ಲೇ ಹೇಳಿಕೊಳ್ಳುತ್ತಿದ್ದರು. ಅದರಲ್ಲೂ ಧರ್ಮಪ್ಪ ಗೌಡರ ಕಾಫಿ ತೋಟದಲ್ಲಿ ಪಂಪು ನಡೆಸುವ ಶೇಷಪ್ಪ ನನ್ನ ಮೆಚ್ಚಿನ ಗುರಿ. ಅವನ ಅಜ್ಜ ಮುತ್ತಜ್ಜರನ್ನೆಲ್ಲ ಎಳೆದು ತಂದರೂ ಎಲೆಗೆ ಸುಣ್ಣ ಹಚ್ಚುತ್ತ, "ಇನ್ನೂ ಉಂಟಾ, ಮುಗೀತಾ?" ಎನ್ನುತ್ತಿದ್ದ.

ಕಾಫಿ ಗಿಡ ಮೊಗ್ಗು ಕಟ್ಟಿ ನಿಂತ ಹೊತ್ತಿಗೆ ಗೌಡರ ಡೀಸೆಲ್ ಪಂಪು ನನ್ನ ಅಂಗಡಿಗೆ ಬಂತು. ಆಗ ನೀರು ಹಾರಿಸಿದರೆ ಹೂವು, ತಡವಾದರೆ ಆ ವರ್ಷದ ಫಸಲಿನ ಆಸೆ ಬಿಡಬೇಕು. ಬೇಗ ಬೇಗ ರಿಪೇರಿ ಮಾಡಿ, ನರಸಿಂಹರಾಜಪುರದ ದಾರಿಯಲ್ಲಿರುವ ಅವರ ತೋಟಕ್ಕೆ ಒಯ್ದು, ಹಳ್ಳದ ದಡದಲ್ಲಿಟ್ಟು ಪೈಪನ್ನೂ ನಾನೇ ಜೋಡಿಸಿದೆ. ಅಂದು ಶುಕ್ರವಾರ. ಸಂಜೆಯ ಶಿಲುಬೆ ಹಾದಿಯ ಪ್ರಾರ್ಥನೆಗೆ ಹೊತ್ತಾಯಿತೆಂದು ನೀರು ಏರುವುದನ್ನು ನೋಡದೆ ಓಡಿ ಬಂದೆ. ಮರುದಿನ ಬೆಳಿಗ್ಗೆ ಗೌಡರ ಫೋನು. ಇಂಜಿನ್ ಬೊಬ್ಬೆ ಹೊಡೆಯುತ್ತಿದೆಯಂತೆ, ನೀರು ಮಾತ್ರ ಒಂದು ಹನಿಯೂ ಇಲ್ಲವಂತೆ.

ಬೇರೆ ದಿನಗಳಾಗಿದ್ದರೆ ಶೇಷಪ್ಪನಿಂದ ಹಿಡಿದು ಆ ಹಳ್ಳದವರೆಗೆ ಎಲ್ಲರಿಗೂ ಮಂಗಳಾರತಿ ಆಗುತ್ತಿತ್ತು. ವ್ರತ ನೆನಪಾಯಿತು. ದನಿ ತಗ್ಗಿಸಿ, "ಪಂಪು ಸರಿ ಉಂಟು ಗೌಡ್ರೆ. ನಡೆಸೋರ ಗಮನ ಸ್ವಲ್ಪ ಕಮ್ಮಿ ಆಗಿರ್ಬಹುದು. ಶೇಷಪ್ಪಂಗೂ ವಯಸ್ಸಾತಲ್ಲ, ಪಾಪ" ಎಂದೆ. ಫೋನಿಟ್ಟು ಲಿಲ್ಲಿಯ ಕಡೆ ಹೆಮ್ಮೆಯಿಂದ ನೋಡಿದೆ. ಫಾದರ್ ಕೇಳಿದ್ದರೂ ಬೆನ್ನು ತಟ್ಟುತ್ತಿದ್ದರು.

ತೋಟಕ್ಕೆ ಹೋದಾಗ ಪಂಪಿನ ಬಳಿ ಗೌಡರೊಬ್ಬರೇ ಇದ್ದರು. ಶೇಷಪ್ಪ ಸ್ವಲ್ಪ ಆಚೆ ಕಲ್ಲಿನ ಮೇಲೆ ಕೂತಿದ್ದ. ಬಾಯಲ್ಲಿ ಎಲೆಯಡಿಕೆ ಇರಲಿಲ್ಲ. "ಇನ್ನು ಪಂಪು ಮುಟ್ಬೇಡ, ಸೌದೆ ಹೊರು ಅಂದಾರೆ" ಎಂದ. ನನ್ನ ಮುಖ ನೋಡಲಿಲ್ಲ. "ಇಷ್ಟು ವರ್ಷ ನೀವು ಬೈದಿದ್ದು ಗೌಡ್ರು ಕಿವಿಗೇ ಹಾಕ್ಕೊಂಡಿರ್ಲಿಲ್ಲ. ಇವತ್ತು ಮೆತ್ತಗೆ ಹೇಳಿದ್ರಲ್ಲ, ನಂಬಿದ್ರು."

ನಾನು ಪಂಪಿನ ಹತ್ತಿರ ಹೋಗಿ ಪೈಪು ಬಿಚ್ಚಿದೆ. ನೀರೆಳೆಯುವ ಬಾಯಿಯೊಳಗೆ ನೀಲಿ ಹೂವಿನ ಬಟ್ಟೆಯ ಉಂಡೆ. ಲಿಲ್ಲಿಯ ಹಳೆಯ ನೈಟಿ. ಅಂಗಡಿಯಲ್ಲಿಟ್ಟ ಪಂಪಿನ ಬಾಯಿಗೆ ಕಡಜ ಹೊಕ್ಕು ಮಣ್ಣಿನ ಗೂಡು ಕಟ್ಟದಿರಲೆಂದು ಬಟ್ಟೆ ತುರುಕಿಡುವುದು ನನ್ನ ಪದ್ಧತಿ. ತೆಗೆಯುವುದು ಕೂಡ ಪದ್ಧತಿಯೇ, ಅಂದು ಮರೆತಿತ್ತು.

ಗೌಡರು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಶೇಷಪ್ಪ ಗುಡ್ಡ ನೋಡುತ್ತಿದ್ದ. ನಿಜ ಹೇಳುತ್ತೇನೆ, ಬಟ್ಟೆ ಅರ್ಧ ನನ್ನ ಜೇಬಿಗೆ ಹೋಗಿತ್ತು. ಇನ್ನರ್ಧ ಹೋಗಿದ್ದರೆ ಕಥೆ ಮುಗಿಯುತ್ತಿತ್ತು, ಶೇಷಪ್ಪ ಸೌದೆ ಹೊರುತ್ತಿದ್ದ, ನಾನು ಭಾನುವಾರ ಚರ್ಚಿನ ಮೊದಲ ಬೆಂಚಿನಲ್ಲಿ ಕೂರುತ್ತಿದ್ದೆ. ಕೈ ಮುಂದೆ ಹೋಗಲಿಲ್ಲ. ಬಟ್ಟೆಯನ್ನು ಎತ್ತಿ ಹಿಡಿದು, "ಗೌಡ್ರೆ, ಫೋನು ಇಡಿ. ಇದು ನನ್ನ ಹೆಂಡತಿ ನೈಟಿ. ತುರುಕಿದ್ದು ನಾನು, ತೆಗೀದೆ ಪೈಪು ಹಾಕಿದ್ದೂ ನಾನು. ನೋಡದೆ ಶೇಷಪ್ಪನ ಮೇಲೆ ಹಾಕಿದ್ದೂ ನಾನೇ. ಅವನ ತಪ್ಪು ಏನೂ ಇಲ್ಲ" ಎಂದೆ. ಗೌಡರು ನೈಟಿಯನ್ನೂ ನನ್ನನ್ನೂ ನೋಡಿದರು. ಆಮೇಲೆ, "ಬಾ ಶೇಷಪ್ಪ, ಸ್ಟಾರ್ಟ್ ಮಾಡು. ಹೊತ್ತಾತು" ಎಂದರು.

ನೀರು ಗಿಡಗಳ ಮೇಲೆ ಹಾರತೊಡಗಿತು. ನಾನು ಶೇಷಪ್ಪನಲ್ಲಿ ಕ್ಷಮೆ ಕೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, "ಬೈಯೋದಿದ್ರೆ ಮೊದ್ಲಿನ ಹಂಗೆ ಬೈದುಬಿಡಿ ಡೆನ್ನಿಸಣ್ಣ. ಮರ್ಯಾದೆ ಮಾತ್ರ ಕೊಡ್ಬೇಡಿ, ತಡ್ಕೊಳ್ಳಕ್ಕಾಗಲ್ಲ" ಎಂದ.

ತಪ್ಪನ್ನು ನಾಲ್ಕು ಜನರ ಎದುರು ಒಪ್ಪಿಕೊಳ್ಳುವ ಗಂಡಸರು ಎಷ್ಟು ಮಂದಿ ಸಿಗುತ್ತಾರೆ ಹೇಳಿ. ಮನೆಗೆ ಬಂದು ಇದನ್ನೇ ಲಿಲ್ಲಿಗೆ ವಿವರವಾಗಿ ಹೇಳಿದೆ. ಅಲ್ಲಿ ಇದ್ದದ್ದು ಇಬ್ಬರೇ ಎಂಬುದನ್ನು ಹೇಳಲಿಲ್ಲ. ನನ್ನ ನಾಲಿಗೆಯ ಸಂಯಮವನ್ನೂ ಮತ್ತೊಮ್ಮೆ ನೆನಪಿಸಿದೆ. ಅವಳು ನನ್ನ ತಟ್ಟೆಗೆ ಬಂಗುಡೆ ಬಡಿಸುತ್ತ ಎಲ್ಲವನ್ನೂ ಕೇಳಿದಳು.

"ಬರೋ ವರ್ಷ ಮೀನೇ ಬಿಡಿ" ಎಂದಳು. "ಅದರ ಮುಳ್ಳು ಸಿಕ್ಕಿದ್ರೂ ನಿಮ್ಮ ಗಂಟಲಿಗೇ ಸಿಗ್ತದೆ."