ಐವತ್ತೊಂದನೇ ನಂಬರಿನ ಹೆಂಗಸು

ಗಂಡ: ಬಂತು ಕಣೇ, ಬಂತು! ಎಷ್ಟು ಚೆನ್ನಾಗಿ ಕಾಣ್ತಾ ಇದೆ ಗೊತ್ತಾ!

ಹೆಂಡತಿ: ಯಾರಿಗೆ?

ಗಂಡ: ನನಗೆ.

ಹೆಂಡತಿ: ನೀವು ಎಲ್ಲಿದ್ದೀರಿ?

ಗಂಡ: ಮನೇಲಿ.

ಹೆಂಡತಿ: ಮನೇಲಿ ಕೂತವರಿಗೆ ಮನೆ ಕಾಣೋಕೆ ಕ್ಯಾಮರಾ ಯಾಕ್ರೀ? ಕಣ್ಣು ಸಾಲದಾ? ಅಂಗಡೀಲಿ ಕೂತ ನನಗೆ ಕಾಣಬೇಕು. ಇಲ್ಲಿ ಬೆಳಗ್ಗೆಯಿಂದ ಬರೀ ಒಂದು ಚಕ್ರ ಸುತ್ತುತ್ತಾ ಇದೆ.

ಚಕ್ರ ಸುತ್ತುತ್ತಿದ್ದದ್ದು ನಿಜ. ಹೆಂಡತಿ ದರ್ಜಿ; ಮನೆಯಿಂದ ಎರಡು ಬೀದಿ ಆಚೆ ಅವಳ ಹೊಲಿಗೆ ಅಂಗಡಿ. ನಾಳೆ ಬೆಳಗ್ಗೆ ಶಾಲೆಯ ನಲವತ್ತು ಸಮವಸ್ತ್ರ ಕೊಡಬೇಕಾದ್ದರಿಂದ ಅಂಗಡಿ ಬಿಡುವಂತಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ದೊರೆಸಾನಿ ಎಂಬ ನಾಯಿ ಇವತ್ತೋ ನಾಳೆಯೋ ಮರಿ ಹಾಕುವಂತಿರುವುದರಿಂದ ಮನೆಯನ್ನೂ ಬಿಡುವಂತಿಲ್ಲ. ಹೋದ ಸಲ ಹತ್ತಿರ ಯಾರೂ ಇಲ್ಲದೆ ಮೂರು ಮರಿ ಸತ್ತುಹೋದವು. ಒಂದು ವಾರ ಹೆಂಡತಿಗೆ ಅನ್ನ ಸೇರಿರಲಿಲ್ಲ. ಆದ್ದರಿಂದ ತಕ್ಕಡಿ ರಿಪೇರಿ ಮಾಡುವ ಗಂಡ ಇವತ್ತು ತನ್ನ ಮಳಿಗೆಗೆ ಬೀಗ ಹಾಕಿ ಮನೆಯಲ್ಲಿ ಉಳಿದಿದ್ದಾನೆ. ಉಳಿದವನು ಸುಮ್ಮನೆ ನಾಯಿಯ ಪಕ್ಕ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ನಾಯಿಯ ಪೆಟ್ಟಿಗೆಯ ಮೇಲೆ ಒಂದು ಕ್ಯಾಮರಾ ಸಿಕ್ಕಿಸಿ, ನಡುಮನೆಯಲ್ಲಿ ಸ್ಟೂಲು ಹಾಕಿಕೊಂಡು, ಗೋಡೆಯ ವೈಫೈ ರಿಪೀಟರಿನ ಎದುರು ಕೂತಿದ್ದ.

ಹೆಂಡತಿ: ದೊರೆಸಾನಿ ಹೇಗಿದೆ?

ಗಂಡ: ಫೋನಲ್ಲಿ ಅದನ್ನೇ ನೋಡ್ತಿದ್ದೀನಿ. ಪೆಟ್ಟಿಗೇಲಿ ಮಲಗಿದೆ. ಎಷ್ಟು ಶಾಂತವಾಗಿದೆ ಅಂದ್ರೆ, ಚಿತ್ರ ಬಂದಾಗಿಂದ ಕಿವಿ ಕೂಡ ಅಲ್ಲಾಡಿಸಿಲ್ಲ.

ಹೆಂಡತಿ: ಫೋನಲ್ಲಿ ಯಾಕೆ? ನಾಲ್ಕು ಹೆಜ್ಜೆ ಹಾಕಿ ಹಿಂದಿನ ರೂಮಿಗೆ ಹೋಗಿ ನೋಡಿ.

ಗಂಡ: ನಡೆದುಹೋಗಿ ನೋಡೋ ಹಾಗಿದ್ರೆ ಇದನ್ನೆಲ್ಲ ಯಾಕೆ ಹಾಕಬೇಕಿತ್ತು?

ಹೆಂಡತಿ: ನಾನು ಕೇಳ್ತಿರೋದೂ ಅದನ್ನೇ.

ಅಂಗಡಿಯ ಮೂಲೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುತ್ತಾ ಕೂತಿದ್ದವಳು ಫಕ್ಕನೆ ನಕ್ಕಳು. ಅವಳು ಹತ್ತು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದಾಳೆ. ಫೋನಿನ ಸ್ಪೀಕರ್ ಹಾಕಿರುವುದರಿಂದ ಈ ದಾಂಪತ್ಯದಲ್ಲಿ ಅವಳಿಗೂ ಅರ್ಧ ಪಾಲು.

ಗಂಡ: ಡೈನಾಮಿಕ್ ಡಿಎನ್‌ಎಸ್ ಅಂದ್ರೆ ಏನು ಅಂತ ಗೊತ್ತಿದ್ದಿದ್ರೆ ನೀವಿಬ್ಬರೂ ನಗ್ತಿರಲಿಲ್ಲ. ಕೇಳಿ. ಹೊರಗಿನವರಿಗೆ ನಮ್ಮ ಮನೆ ಒಂದು ನಂಬರು. ಆ ನಂಬರು ಆಗಾಗ ಬದಲಾಗುತ್ತೆ. ಅದಕ್ಕೇ ನಾನು ಮನೆಗೆ ಒಂದು ಖಾಯಂ ಹೆಸರು ತಗೊಂಡಿದ್ದೀನಿ. ನಂಬರು ಬದಲಾದಾಗೆಲ್ಲ ನಮ್ಮ ರಿಪೀಟರು ಆ ಹೆಸರಿನ ಮುಂದೆ ಹೊಸ ನಂಬರು ಬರೆಸುತ್ತೆ. ನೀನು ಹೆಸರು ಹೊಡೆದರೆ ಸಾಕು, ನೇರ ನಮ್ಮ ಮನೆ.

ಹೆಂಡತಿ: ಹೆಸರು ಹೊಡೆದೆ. ಎಲ್ರೀ ಮನೆ?

ಗಂಡ: ಸ್ವಲ್ಪ ತಾಳು. ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀನಿ.

ಹೆಂಡತಿ: ಬೆಳಗ್ಗೆಯಿಂದ ಅದನ್ನೇ ಮಾಡ್ತಿದ್ದೀರಿ. ಮೇಲಿನ ಮನೆ ಮೇಷ್ಟ್ರನ್ನ ಕೇಳಬಾರದಾ? ನೆಟ್ಟು ಅವರದು, ದೊಡ್ಡ ರೂಟರು ಅವರ ಮನೇಲಿದೆ. ನಮ್ಮದು ಅವರು ಅಂದಿದ್ದನ್ನ ಇನ್ನೊಂದು ಸಲ ಅನ್ನೋ ಡಬ್ಬ. ಅದಕ್ಕೇನು ಸ್ವಂತ ಬುದ್ಧಿ ಇರುತ್ತೆ?

ಗಂಡ: ಮೇಷ್ಟ್ರಿಗೆ ಏನು ಗೊತ್ತು, ಮಣ್ಣು! ನಾನು ಗುಲಗಂಜಿ ತೂಗೋ ತಕ್ಕಡಿ ಸರಿ ಮಾಡಿದ ಕೈ.

ಹೆಂಡತಿ: ನೀವು ಸರಿ ಮಾಡಿದ ನಮ್ಮ ಅಡುಗೆಮನೆ ತಕ್ಕಡಿ ಖಾಲಿ ಇದ್ದಾಗಲೂ ಕಾಲು ಕೇಜಿ ತೋರಿಸುತ್ತೆ.

ಗಂಡ: ನಿನ್ನ ಅಂಗಡಿಗೆ ಹೋದ ವರ್ಷ ಕ್ಯಾಮರಾ ಹಾಕಿದ್ದು ಯಾರು? ಮೇಷ್ಟ್ರಾ?

ಹೆಂಡತಿ: ನೀವೇ. ಅದರಲ್ಲಿ ಇವತ್ತಿನ ತನಕ ಜೇಡ ಬಿಟ್ಟು ಇನ್ಯಾವ ಕಳ್ಳನೂ ಸಿಕ್ಕಿಲ್ಲ.

ತಕ್ಕಡಿಯವರಿಗೆ ಒಂದು ಕಾಯಿಲೆ ಇದೆ. ಮುಳ್ಳು ನಡುವೆ ನಿಂತಿತೋ, ಲೋಕವೇ ಸರಿಹೋಯಿತೆಂದು ಅಂಗೈ ಒರೆಸಿಕೊಳ್ಳುತ್ತಾರೆ. ಇವನ ಫೋನಿನಲ್ಲಿ ನಾಯಿ ಕಾಣುತ್ತಿತ್ತು, ಆದ್ದರಿಂದ ಇವನ ಪ್ರಕಾರ ತಪ್ಪಿದ್ದರೆ ಅದು ಹೆಂಡತಿಯ ಬೆರಳಿನಲ್ಲಿ.

ಗಂಡ: ನೀನು ಯಾವ ನೆಟ್ಟಲ್ಲಿದ್ದೀಯ? ಸಿಮ್ಮಿಂದಾ? ಅದು ಎಲ್ಲಿಂದ ಸಾಲುತ್ತೆ! ಅಂಗಡಿ ವೈಫೈ ಹಾಕ್ಕೊಂಡು ಈಗ ಹೊಡಿ ನೋಡೋಣ.

ಹೆಂಡತಿ ಗೊಣಗುತ್ತಾ ವೈಫೈ ಹಾಕಿದಳು. ಚಕ್ರ ಎರಡು ಸುತ್ತು ತಿರುಗಿ ನಿಂತಿತು. ಗುಪ್ತಪದ ಕೇಳಿತು, ಗಂಡ ಎಲ್ಲದಕ್ಕೂ ಇಡುವ ಅದೇ ಪದ. ಕಪ್ಪು ಬಿಳುಪಿನ, ಮಸುಕು ಮಸುಕಾದ ಒಂದು ಚಿತ್ರ ಬಂತು.

ಹೆಂಡತಿ: ಅಯ್ಯೋ, ಬಂತು ಕಣ್ರೀ!

ಗಂಡ: ಹೇಳಲಿಲ್ವಾ ನಾನು! ಮೇಷ್ಟ್ರಂತೆ ಮೇಷ್ಟ್ರು!

ಹೆಂಡತಿ: ಬಟ್ಟೆ ರಾಶಿ ಕಾಣ್ತಿದೆ. ಮಿಷಿನ್ನೂ ಕಾಣ್ತಿದೆ, ಹಿಂದಿನ ರೂಮಲ್ಲಿಟ್ಟಿರೋ ನನ್ನ ಹಳೇ ಮಿಷಿನ್ನು. ಮಿಷಿನ್ ಮುಂದೆ... ರೀ.

ಗಂಡ: ಏನು?

ಹೆಂಡತಿ: ಮಿಷಿನ್ ಮುಂದೆ ಯಾರೋ ಹೆಂಗಸು ಕೂತಿದ್ದಾಳೆ.

ಗಂಡ: ಯಾವ ಹೆಂಗಸು?

ಹೆಂಡತಿ: ಅದನ್ನ ನಾನು ನಿಮ್ಮನ್ನ ಕೇಳಬೇಕು. ರಜೆ ಹಾಕಿ ಮನೇಲಿರೋದು ನೀವು.

ಗಂಡ: ಹುಚ್ಚು ಹಿಡೀತಾ ನಿನಗೆ? ನನ್ನ ಫೋನಲ್ಲಿ ನಾಯಿ ಬಿಟ್ಟು ಯಾರೂ ಇಲ್ಲ.

ಹೆಂಡತಿ: ನಿಮ್ಮ ಫೋನಲ್ಲಿ ಯಾಕಿರ್ತಾಳೆ? ಹೇಗೆ ಅಳಿಸಬೇಕು ಅಂತ ನಿಮಗೆ ಚೆನ್ನಾಗಿ ಗೊತ್ತು. ಡೈನಾಮಿಕ್ಕು!

ಕಾಜಾದವಳು ಸೂಜಿ ಬಿಟ್ಟು ಕತ್ತು ಉದ್ದ ಮಾಡಿದಳು. ಇಂಥ ಹೊತ್ತಿನಲ್ಲಿ ಗುಂಡಿ ಕಾಜಾ ಯಾರಿಗೆ ಬೇಕು.

ಕಾಜಾದವಳು: ನೋಡೋಕೆ ಹೇಗಿದ್ದಾಳಕ್ಕಾ?

ಹೆಂಡತಿ: ಬೆನ್ನು ಮಾತ್ರ ಕಾಣ್ತಿದೆ. ಏನು ಬೆನ್ನೇ ಅದು, ಕುಡುಗೋಲಿನ ಹಾಗೆ ಬಾಗಿದೆ. ತಲೆಗೆ ಬಾಚಣಿಗೆ ತಾಗಿಸಿ ಎಷ್ಟು ದಿನ ಆಯಿತೋ. ಅವಳ ರವಿಕೆ ನೋಡು! ಒಂದು ಭುಜ ಮೇಲೆ, ಒಂದು ಭುಜ ಕೆಳಗೆ. ಬೆನ್ನ ಮೇಲೆ ಗೋಣಿಚೀಲದ ಸುಕ್ಕು. ಯಾವ ಕೈಲಾಗದ ದರ್ಜಿ ಹೊಲಿದಳೋ, ಅವಳಿಗೆ ಕತ್ತರಿ ಕೊಟ್ಟವರನ್ನ ಮೊದಲು ಒದೀಬೇಕು.

ಗಂಡ: ದೇವರಾಣೆ ಕಣೇ, ಮನೇಲಿ ಯಾರೂ ಇಲ್ಲ.

ಹೆಂಡತಿ: ತಲೆ ಬಗ್ಗಿಸಿ ಫೋನ್ ನೋಡ್ತಿದ್ದಾಳೆ. ನಾವು ಬೈತಿರೋದು ಕೇಳಿದ್ರೂ ನಾಚಿಕೆ ಇಲ್ಲ. ಏಯ್, ಯಾವಳೇ ನೀನು?

ಅವಳು ಮುಷ್ಟಿ ಎತ್ತಿ ಫೋನಿನ ಮುಂದೆ ಅಲ್ಲಾಡಿಸಿದಳು. ನಾಲ್ಕು ಸೆಕೆಂಡು ಬಿಟ್ಟು ಚಿತ್ರದಲ್ಲಿನ ಹೆಂಗಸೂ ಮುಷ್ಟಿ ಎತ್ತಿ ಅಲ್ಲಾಡಿಸಿದಳು.

ಹೆಂಡತಿ: ಅಣಕಿಸ್ತಾಳೆ ರೀ! ನನ್ನ ಮನೇಲಿ ಕೂತು, ನನ್ನ ಮಿಷಿನ್ ಮುಂದೆ ಕೂತು, ನನ್ನನ್ನೇ ಅಣಕಿಸ್ತಾಳೆ!

ಗಂಡ: ನೆಟ್ಟಲ್ಲಿ ಏನೋ ಅಡ್ಡ ಬಂದಿರಬೇಕು.

ಹೆಂಡತಿ: ಅಡ್ಡ ಬಂದವಳು ಅವಳೇ! ಅಯ್ಯೋ, ನೋಡಿ, ದೊರೆಸಾನಿ ಬಂತು. ಅವಳ ಹಿಂದೇನೇ ಬಂದು ನಿಂತಿದೆ. ಬೊಗಳ್ತಾ ಇಲ್ಲ! ಬಾಲ ಅಲ್ಲಾಡಿಸ್ತಿದೆ! ಹೊಸಬರು ಗೇಟು ಮುಟ್ಟಿದ್ರೆ ಬೀದಿ ಎಲ್ಲ ಒಂದು ಮಾಡೋ ನಾಯಿ ಅದು. ಬಾಲ ಅಲ್ಲಾಡಿಸಬೇಕಾದ್ರೆ ಇವಳು ದಿನಾ ಬರ್ತಾಳೆ ಅಂತ ಅರ್ಥ.

ಗಂಡ: ನಾಯಿ ಎದ್ದೇ ಇಲ್ಲ ಕಣೇ! ಇಲ್ಲಿ ನನ್ನ ಫೋನಲ್ಲಿ ಪೆಟ್ಟಿಗೇಲೇ ಮಲಗಿದೆ, ಹಾಗೇ.

ಹೆಂಡತಿ: ಬಟ್ಟೆ ರಾಶಿ ಮೇಲೆ ಹತ್ತಿ ಮಲಗ್ತಾ ಇದೆ! ಹೋಗ್ರೀ ರೂಮಿಗೆ! ಅವಳನ್ನ ಹೊರಗೆ ಕಳಿಸಿ, ನಾಯೀನ ನೋಡಿ!

ಬೆಳಗ್ಗೆಯಿಂದ ನಾಯಿಗಾಗಿ ಹಾಕದ ನಾಲ್ಕು ಹೆಜ್ಜೆಯನ್ನು ಗಂಡ ತನ್ನ ಮಾನಕ್ಕಾಗಿ ಹಾಕಿದ. ಸ್ಟೂಲು ಬಿದ್ದ ಸದ್ದು ಫೋನಿನಲ್ಲಿ ಕೇಳಿತು, ಪರದೆ ಸರಿದ ಸದ್ದು ಕೇಳಿತು.

ಹೆಂಡತಿ: ಇದ್ದಾಳಾ?

ಗಂಡ: ಇಲ್ಲ.

ಹೆಂಡತಿ: ನಾಯಿ?

ಗಂಡ: ಅದೂ... ಇಲ್ಲ.

ಹೆಂಡತಿ: ಇಲ್ಲ ಅಂದ್ರೆ? ನಿಮ್ಮ ಫೋನಲ್ಲಿ ಮಲಗಿದೆ ಅಂದ್ರಲ್ಲ!

ಗಂಡ: ಫೋನಲ್ಲಿ ಈಗಲೂ ಮಲಗಿದೆ. ಬೆಳಗ್ಗೆಯಿಂದ ಆಫ್ ಮಾಡಿ ಆನ್ ಮಾಡ್ತಿದ್ನಲ್ಲ, ಅದರಲ್ಲಿ ಯಾವಾಗಲೋ ಚಿತ್ರ ಹಾಗೇ ನಿಂತುಬಿಟ್ಟಿದೆ ಅಂತ ಕಾಣುತ್ತೆ.

ಹೆಂಡತಿ: ಬೀದಿ ಬಾಗಿಲು?

ಗಂಡ: ತೆಗೆದಿಟ್ಟಿದ್ದೆ.

ಹೆಂಡತಿ: ಯಾಕೆ?

ಗಂಡ: ಮೇಲಿನಿಂದ ಸಿಗ್ನಲ್ಲು ಸಲೀಸಾಗಿ ಒಳಗೆ ಬರಲಿ ಅಂತ.

ತುಂಬಿದ ಹೊಟ್ಟೆ ಹೊತ್ತುಕೊಂಡು ನಾಯಿ ಯಾವ ಗಾಡಿಯ ಕೆಳಗೆ ಸಿಕ್ಕಿತೋ, ಯಾವ ಚರಂಡಿಯ ಪಕ್ಕ ನರಳುತ್ತಿದೆಯೋ ಎಂದು ಹೆಂಡತಿ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡಳು. ಚಿತ್ರದಲ್ಲಿನ ಹೆಂಗಸೂ ಹೊತ್ತುಕೊಂಡಳು. ಅದನ್ನು ಕಂಡ ಕಾಜಾದವಳು ಒಂದು ಸಲ ಫೋನು ನೋಡಿದಳು, ಒಂದು ಸಲ ಯಜಮಾನಿಯ ಬೆನ್ನು ನೋಡಿದಳು, ಆಮೇಲೆ ಮೆಲ್ಲಗೆ ಮಾಡಿನ ಮೂಲೆ ನೋಡಿದಳು.

ಕಾಜಾದವಳು: ಭಾವ, ಒಂದು ಮಾತು ಕೇಳ್ಲಾ? ನಿಮ್ಮ ಆ ಹೆಸರಿನ ಮುಂದೆ ಈಗ ಯಾವ ನಂಬರು ಬರೆದಿದೆ?

ಗಂಡ: ಈಗ ಅದಾ ಮುಖ್ಯ? ನಾಯಿ ಕಳೆದುಹೋಗಿದೆ!

ಕಾಜಾದವಳು: ಅದಕ್ಕೇ ಕೇಳಿದ್ದು. ಓದಿ.

ಗಂಡ: ಉದ್ದ ಇದೆ. ಕೊನೇಲಿ ಐವತ್ತೊಂದು.

ಕಾಜಾದವಳು: ಅದು ಹೊರಗಿನ ನಂಬರಾ?

ಗಂಡ: ಅಲ್ಲ... ಮೇಲಿನ ಮನೆ ರೂಟರಲ್ಲಿ ನಮ್ಮ ರಿಪೀಟರಿಗೆ ನಾನೇ ಹಾಕಿಸಿದ ನಂಬರು. ನಮ್ಮ ಬಾಗಿಲ ನಂಬರೂ ಅದೇ ಅಲ್ವಾ, ನೆನಪಿಟ್ಟುಕೊಳ್ಳೋಕೆ ಸುಲಭ ಅಂತ.

ಕಾಜಾದವಳು: ಇಲ್ಲಿ ಅಂಗಡಿ ಕ್ಯಾಮರಾದ ಕೆಳಗೂ ನೀವೊಂದು ಚೀಟಿ ಅಂಟಿಸಿದ್ದೀರಿ ಭಾವ. ಇದೇ ಉದ್ದದ ನಂಬರು. ಕೊನೇಲಿ ಐವತ್ತೊಂದು.

ಗಂಡ: ಹ್ಞಾಂ. ಅದೂ... ನೆನಪಿಟ್ಟುಕೊಳ್ಳೋಕೆ ಸುಲಭ ಅಂತಲೇ.

ನಡೆದದ್ದು ಇಷ್ಟೇ. ಹೊರಗಿನ ನಂಬರು ತಿಳಿದಿರುವುದು ಮೇಲಿನ ಮನೆಯ ರೂಟರಿಗೆ. ಆ ಕೆಲಸವನ್ನು ಈ ಮಹಾಶಯ ಕೆಳಗಿನ ರಿಪೀಟರಿಗೆ ವಹಿಸಿದ. ಅದು ಪಾಪ, ತನಗೆ ಗೊತ್ತಿದ್ದ ಒಳಗಿನ ನಂಬರನ್ನೇ ಬರೆಸಿ ಕೂತಿತು. ಒಳಗಿನ ನಂಬರು ಯಾರು ಯಾವ ಮನೆಯಲ್ಲಿದ್ದಾರೋ ಅಲ್ಲಿಯದನ್ನೇ ತೋರಿಸುತ್ತದೆ. ಅಂಗಡಿಯಲ್ಲಿ ಐವತ್ತೊಂದು ಎಂದರೆ ಅಂಗಡಿಯ ಕ್ಯಾಮರಾ. ಹಾಗಾಗಿ ಹೆಂಡತಿ ಅಷ್ಟು ಹೊತ್ತೂ ಬೈದದ್ದು ತನ್ನನ್ನೇ.

ಕಾಜಾದವಳು: ಅಕ್ಕಾ, ಆ ಗೋಣಿಚೀಲದ ರವಿಕೆ ಹೊಲಿದ ದರ್ಜಿ...

ಹೆಂಡತಿ: ನೀನು ಕಾಜಾ ಹಾಕು.

ಕಾಜಾದವಳು: ಹಾಕ್ತೀನಿ. ಆದ್ರೆ ಕ್ಯಾಮರಾ ಅಂಗಡೀದು ಅಂದಮೇಲೆ, ಅದರಲ್ಲಿ ಕಂಡ ನಾಯಿ?

ಹೆಂಡತಿ ಗಿರ್ರನೆ ಹಿಂದೆ ತಿರುಗಿದಳು. ಕತ್ತರಿಸುವ ಮೇಜಿನ ಪಕ್ಕದ ರಾಶಿಯ ಮೇಲೆ, ನಾಳೆಯ ಸಮವಸ್ತ್ರದ ನೀಲಿ ಬಟ್ಟೆಯನ್ನು ಕಾಲಿನಿಂದ ಕೆದರಿ ಗೂಡು ಮಾಡಿಕೊಂಡು ದೊರೆಸಾನಿ ಮಲಗಿತ್ತು. ಅಂಗಡಿಯ ಹಿತ್ತಲ ಬಾಗಿಲಿನಿಂದ ಅದು ಬಂದದ್ದು ಫ್ಯಾನಿನ ಸದ್ದಿನಲ್ಲಿ, ಜಗಳದ ಸದ್ದಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದರ ಹೊಟ್ಟೆಯ ಹತ್ತಿರ ಹೆಬ್ಬೆರಳಿನಷ್ಟು ಮೂತಿಯ ಒದ್ದೆ ಮರಿಯೊಂದು ತಡಕಾಡುತ್ತಿತ್ತು. ಹೆಂಡತಿ ಅಲ್ಲೇ ನೆಲಕ್ಕೆ ಕುಸಿದು ಕೂತು, ಸೆರಗಿನ ತುದಿಯಿಂದ ಮರಿಯ ಮೂಗು ಒರೆಸಿದಳು. ಅದು ಕುಂಯ್ ಅಂದಿತು. ಅವಳಿಗೆ ಅಳು ಬಂತು, ತಡೆಯಲಿಲ್ಲ.

ಗಂಡ: ಏನಾಯ್ತೇ? ಯಾಕಳ್ತಿದ್ದೀಯ? ಏನಾದ್ರೂ ಹೇಳೇ!

ಕಾಜಾದವಳು: ದೊರೆಸಾನಿ ಇಲ್ಲೇ ಇದೆ ಭಾವ. ಒಂದು ಮರಿ ಆಯ್ತು, ಇನ್ನೊಂದು ಬರ್ತಾ ಇದೆ. ಎರಡು ಲಂಗದ ಬಟ್ಟೆ ಹೋಯ್ತು.

ಫೋನಿನಲ್ಲಿ ಗಂಡ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿತು. ಪಾಪ, ಅವನೂ ಹೆದರಿದ್ದ. ಆದರೆ ಹೆದರಿಕೆ ಇಳಿದ ಕ್ಷಣವೇ ಅಹಂಕಾರ ಎದ್ದು ಕೂತಿತು.

ಗಂಡ: ನೋಡಿದ್ಯಾ? ಅಂಗಡೀಲಿ ಕೂತ ನಿನಗೆ ಫೋನಲ್ಲಿ ನಾಯಿ ಕಾಣಬೇಕು ಅಂದೆ. ಕಂಡಿತೋ ಇಲ್ವೋ? ನನ್ನ ಕೆಲಸ ಯಾವತ್ತಾದರೂ ತಪ್ಪಿದ್ದು ಉಂಟಾ?

ಹೆಂಡತಿ: (ಮೂಗು ಒರೆಸಿಕೊಂಡು) ಉಂಟು, ಒಂದೇ ಒಂದು. ಈ ನಾಯಿಗೆ ನಂಬರು ಹಾಕೋದು ಮರೆತಿದ್ರಿ. ಅದಕ್ಕೇ ಅದು ಸರಿಯಾದ ವಿಳಾಸಕ್ಕೆ ಬಂತು.