ಹಾಸು ಮುಗಿದ ಮೇಲೆ ಎಂ.ಎಸ್ಸಿ.

ಉನ್ನತ ವ್ಯಾಸಂಗಕ್ಕೆ ಯಾರು, ಯಾವಾಗ, ಹೇಗೆ ಹೋಗಬೇಕೆಂಬ ಪ್ರಶ್ನೆಯನ್ನು ಕೊಳ್ಳೇಗಾಲದ ರೇಷ್ಮೆ ನೇಕಾರರ ವಿದ್ಯಾಭಿವೃದ್ಧಿ ಸಂಘವು ಶಾಶ್ವತವಾಗಿ ಬಗೆಹರಿಸಿದೆ. ಮಗ್ಗಕ್ಕೆ ಬಿಗಿದ ಉದ್ದನೆಯ ಎಳೆಗಳ ಹಾಸನ್ನು ಪೂರ್ತಿ ನೇಯ್ದು ಮುಗಿಸಿದವರಿಗೆ ಮಾತ್ರ ಸಂಘದ ವ್ಯಾಸಂಗವೇತನ. ಹಾಸನ್ನು ಅರ್ಧಕ್ಕೆ ಬಿಡುವವರು ಓದನ್ನೂ ಅರ್ಧಕ್ಕೆ ಬಿಡುತ್ತಾರೆಂಬುದು ಸಂಘದ ಖಚಿತ ಅಭಿಪ್ರಾಯ.

ರುದ್ರಾಣಿ ಬಿ.ಎಸ್ಸಿ. ಪಾಸಾಗಿ, ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಸೀಟು ಗಿಟ್ಟಿಸಿಕೊಂಡಿದ್ದಳು. ರೇಷ್ಮೆ ಯಾಕೆ ಬಣ್ಣ ಬಿಡುತ್ತದೆ, ಬಿಡದಂತೆ ಮಾಡುವುದು ಹೇಗೆ ಎಂದು ಕಲಿಯುವ ಹುಚ್ಚು ಅವಳಿಗೆ. ಫೀಸು ಕಟ್ಟಲು ಸಂಘ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಹಗಲಿರುಳು ಲಾಳಿ ಆಡಿಸಿ, ಹಾಸನ್ನು ಕೊನೆಮುಟ್ಟಿಸಿ, ಖುಷಿಯಿಂದ ಸಂಘದ ಅಧ್ಯಕ್ಷ ಚೌಡೇಶಪ್ಪನವರ ಮುಂದೆ ನಿಂತಳು.

"ಹಾಸು ಮುಗೀತು ಸಾ. ಇನ್ನು ಮೈಸೂರಿಗೆ ಓಯ್ತೀನಿ."

"ಎಲ್ಲವ್ವ ಮುಗೀತು? ತುದೀಲಿ ಎಳೆ ಉಳ್ದದಲ್ಲ, ಅದೇನು?"

"ಅದು ಹೊಸ ಹಾಸು ಸೇರ್ಸೋಕೆ ಬುಡೋದು ಸಾ. ಎಲ್ಲಾರೂ ಬುಡ್ತಾರೆ."

ನಿಜ. ಹಳೆಯ ಎಳೆಗಳ ತುದಿಗೇ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದು ಪದ್ಧತಿ. ಅವಳ ಅಜ್ಜಿಯ ಕಾಲದಿಂದ ಆ ಮಗ್ಗದಲ್ಲಿ ಹಾಗೇ ನಡೆದುಬಂದಿತ್ತು.

"ಅಂದ್ರೆ ಮುಗ್ದಿಲ್ಲ" ಎಂದರು ಅಧ್ಯಕ್ಷರು.

"ಹಂಗಾರೆ ಆ ಎಳೇನೂ ಕುಯ್ದು ಬುಡ್ತೀನಿ ಸಾ."

"ಕುಯ್ದ್ರೆ ಬರಿ ಮಗ್ಗ. ಬರಿ ಮಗ್ಗ ಮಡೀಕಂಡೋರು ನೇಕಾರರಲ್ಲ ಕಣವ್ವ. ನೇಕಾರರಲ್ದೋರ್ಗೆ ನಾವೆಂಗೆ ದುಡ್ಡು ಕೊಡೋದು?"

ಸಂಘವೇನೂ ಕಲ್ಲೆದೆಯದಲ್ಲ. ಸಮಸ್ಯೆಯ ಕೂಲಂಕಷ ಪರಿಶೀಲನೆಗೆ ಉಪಸಮಿತಿ ರಚಿಸಿತು. ಉಪಸಮಿತಿಯು ಮಹದೇಶ್ವರ ಬೆಟ್ಟದ ಲಾಡ್ಜಿನಲ್ಲಿ ತಂಗಿ ಪರಿಶೀಲಿಸಿತು. ಅಲ್ಲಿ ಸೆಕೆಯೆಂದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಪರಿಶೀಲನೆ ಮುಂದುವರಿಸಿತು. ದಾರಿಯಲ್ಲಿ ಆನೆ ಕಂಡದ್ದನ್ನು ವರದಿಯಲ್ಲಿ ಸವಿಸ್ತಾರವಾಗಿ ದಾಖಲಿಸಲಾಯಿತು. ರುದ್ರಾಣಿಯ ಬಗ್ಗೆ 'ಸಕಾಲ ಒದಗಿಬಂದಿಲ್ಲ' ಎಂಬ ಷರಾ ಇತ್ತು. ಅಷ್ಟರಲ್ಲಿ ಸೀಟು ಕೈಬಿಟ್ಟುಹೋಗಿತ್ತು. ರುದ್ರಾಣಿ ಮಗ್ಗದ ಮೇಲೆ ತಲೆಯಿಟ್ಟು ಅತ್ತಳು. ಎಳೆ ನೆನೆಯುತ್ತದೆಂದು ಅವ್ವ ಗದರಿದಳು.

ಸಂಘದ ಹಣ ವ್ಯರ್ಥವಾಗಬಾರದಲ್ಲ! ಅರ್ಹರಿಗಾಗಿ ಹುಡುಕಲಾಗಿ, ಅಧ್ಯಕ್ಷರ ಮಗ ತೇಜಸ್‌ನ ಮಗ್ಗದಲ್ಲಿ ಒಂದೆಳೆಯೂ ಬಾಕಿಯಿಲ್ಲವೆಂಬುದು ಗಮನಕ್ಕೆ ಬಂತು. ಅವನಿಗೆ ಮಗ್ಗವೇ ಇರಲಿಲ್ಲ. ಬರಿ ಮಗ್ಗದ ನಿಯಮವೂ ಅಡ್ಡಬರಲಿಲ್ಲ. ಇಲ್ಲದ ಮಗ್ಗ ಬರಿದಾಗುವುದಾದರೂ ಹೇಗೆ?

ತೇಜಸ್ ಎಂ.ಎ. ಸೇರಿದ. ಅವನ ಪ್ರಬಂಧದ ವಿಷಯ: 'ನೇಕಾರ ಯುವತಿಯರು ಉನ್ನತ ವ್ಯಾಸಂಗಕ್ಕೆ ಹೋಗದಿರಲು ಕಾರಣಗಳು'. ಮೊಬೈಲ್ ಹಿಡಿದುಕೊಂಡು ರುದ್ರಾಣಿಯ ಮಗ್ಗದ ಹತ್ತಿರ ಬಂದ.

"ಅಕ್ಕ, ಓದು ಅಂದ್ರೆ ನಿಮ್ಗೆ ಯಾಕೆ ಬೇಜಾರು?"

"ನಂಗ್ಯಾಕ್ಲಾ ಬೇಜಾರು? ನನ್ ದುಡ್ಡು ತಕಂಡೋರ್ನ ಕೇಳೋಗು!"

'ಆಸಕ್ತಿಯ ಕೊರತೆ, ಸ್ವಭಾವ ಸಿಡುಕು' ಎಂದು ಬರೆದುಕೊಂಡ.

ಪ್ರಬಂಧ ಮೆಚ್ಚುಗೆ ಪಡೆಯಿತು, ಪದವಿ ಬಂತು. ಸನ್ಮಾನದಲ್ಲಿ ಅವನಿಗೆ ಹೊದಿಸಿದ ರೇಷ್ಮೆ ಶಲ್ಯ ರುದ್ರಾಣಿಯೇ ನೇಯ್ದದ್ದು. ಅಧ್ಯಯನಕ್ಕೆ ವಸ್ತುವಾಗಿ ಒದಗಿದ್ದಕ್ಕೆ ಅವಳನ್ನೂ ವೇದಿಕೆಗೆ ಕರೆದು ಹಾರ ಹಾಕಿದರು. ಅಧ್ಯಕ್ಷರು ಪ್ರೀತಿಯಿಂದ ಮೈಕು ಹಿಡಿದರು.

"ನೀನ್ಯಾವಾಗವ್ವ ಎಂ.ಎಸ್ಸಿ.ಗೆ ಓಗೋದು?"

ಅವಳ ಮೈಯೆಲ್ಲ ಉರಿಯಿತು. ಆದರೆ ಮುಂದಿನ ಸಾಲಿನಲ್ಲಿ ತಂಗಿ ಮಧು ಕೂತಿದ್ದಳು. ಈ ವರ್ಷ ಸಂಘಕ್ಕೆ ಅರ್ಜಿ ಹಾಕಿದ್ದವಳು ಅವಳು. ರುದ್ರಾಣಿ ಬಾಯಿಗೆ ಬಂದ ಬೈಗುಳ ನುಂಗಿಕೊಂಡಳು.

"ಈ ಹಾಸೊಂದು ಮುಗೀಲಿ ಸಾ."

ಸಭೆ ಚಪ್ಪಾಳೆ ತಟ್ಟಿತು. ಮಧುವೂ ತಟ್ಟಿದಳು. ಆಮೇಲೆ ಅಕ್ಕತಂಗಿಯರು ಲಗುಬಗೆಯಿಂದ ಮನೆಗೆ ಹೋದರು. ಹಳೆಯ ತುದಿಗೆ ಹೊಸ ಎಳೆ ಹೊಸೆಯುವ ಕೆಲಸ ಬಾಕಿಯಿತ್ತು.